ಫಾರಂನಲ್ಲಿ ಬರೆದ ಖಾತೆ, ಹಣ ಹೋದ ಖಾತೆ

ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿನ ಖಾತೆಗೆ ಹಣ ಕಳಿಸುವ ನೆಫ್ಟ್ ಫಾರಂನಲ್ಲಿ ನಾವು ಸರಿಯಾಗಿ ಬರೆದುಕೊಟ್ಟ ಖಾತೆ ಸಂಖ್ಯೆಯನ್ನು ಕೌಂಟರಿನಲ್ಲಿ ಕುಳಿತವರು ತಪ್ಪಾಗಿ ಒತ್ತಿ, ಹಣ ಗುರುತು ಪರಿಚಯವಿಲ್ಲದವರ ಖಾತೆಗೆ ಜಮೆಯಾಗಿಬಿಟ್ಟರೆ, ಹೋದದ್ದು ಯಾರ ಹಣ? ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ‘ನಿಮ್ಮದೇ ತಾನೇ, ಇನ್ಯಾರದು?’ ನಮ್ಮ ಶಾಖೆಯ ಮ್ಯಾನೇಜರೂ ಮೊದಲಿಗೆ ಅದನ್ನೇ ಹೇಳಿದರು. ಆದರೆ ಕಾನೂನು ಹೇಳುವುದು ಬೇರೆ. ಆ ವ್ಯತ್ಯಾಸವನ್ನು ತಿಳಿದುಕೊಂಡು, ಅದನ್ನು ಕಾಗದದ ಮೇಲೆ ಬ್ಯಾಂಕಿನವರಿಂದಲೇ ಒಪ್ಪಿಸಿಕೊಳ್ಳುವವರೆಗೆ ನಾನು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ರೇಷ್ಮೆಗೂಡಿನ ಹಣ ಈಗ ನೇರವಾಗಿ ಖಾತೆಗೇ ಬರುವ ನಮ್ಮ ಕಡೆಯ ರೈತರಿಗೆ ಇದು ಉಪಯೋಗಕ್ಕೆ ಬರಬಹುದೆಂಬ ಆಸೆ ನನಗಿದೆ.

2023ರ ನವೆಂಬರಿನಲ್ಲಿ ರೇಷ್ಮೆಹುಳು ಸಾಕುವ ನಮ್ಮ ಹುಳು ಮನೆಯ ಚಾವಣಿ ಬದಲಿಸುವ ಕೆಲಸ ಹಿಡಿದಿದ್ದೆವು. ಚಿಕ್ಕಬಳ್ಳಾಪುರದ ಶೀಟಿನ ವ್ಯಾಪಾರಿಯೊಬ್ಬರಿಗೆ 1,84,500 ರೂಪಾಯಿ ಕಳಿಸಬೇಕಿತ್ತು. ಸಾಮಾನ್ಯ ಯುಪಿಐ ಪಾವತಿಗೆ ದಿನಕ್ಕೆ ಒಂದು ಲಕ್ಷದ ಮಿತಿಯಿದೆ. ದೊಡ್ಡ ಮೊತ್ತಗಳನ್ನು ಕಳಿಸುವ ಆರ್‌ಟಿಜಿಎಸ್ ಮಾಡಬೇಕೆಂದರೆ ಕನಿಷ್ಠ ಎರಡು ಲಕ್ಷವಿರಬೇಕು. ಹಾಗಾಗಿ ಉಳಿದದ್ದು ನೆಫ್ಟ್. ಅದನ್ನು ಮೊಬೈಲಿನಲ್ಲಿಯೂ ಮಾಡಬಹುದಿತ್ತಾದರೂ, ದೊಡ್ಡ ಮೊತ್ತಕ್ಕೆ ಸೀಲು ಬಿದ್ದ ಕಾಗದ ಕೈಯಲ್ಲಿರಬೇಕೆಂಬುದು ನಮ್ಮ ಮನೆಯ ರೂಢಿ. ‘ಯುವರ್‌ಸೆಲ್ಫ್ ಫಾರ್ ನೆಫ್ಟ್’ ಎಂದು ಚೆಕ್ ಬರೆದು, ಅದರ ಹಿಂಭಾಗದಲ್ಲಿ ವ್ಯಾಪಾರಿಯ ಹೆಸರು, ಖಾತೆ ಸಂಖ್ಯೆ, ಅವರ ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಬರೆದು ಸಹಿ ಮಾಡಿದೆ. ಫಾರಂನಲ್ಲಿ ಖಾತೆ ಸಂಖ್ಯೆಗೆ ಎರಡು ಸಾಲು ಚೌಕಗಳಿರುತ್ತವೆ. ಮೇಲಿನ ಸಾಲಿನಲ್ಲಿ ಬರೆದದ್ದನ್ನೇ ಕೆಳಗಿನ ಸಾಲಿನಲ್ಲಿ ಮತ್ತೊಮ್ಮೆ ಬರೆಯಬೇಕು. ವ್ಯಾಪಾರಿಯ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿ ಎರಡು ಸಾಲನ್ನೂ ತುಂಬಿಸಿದೆ. ಕೌಂಟರಿನ ಹುಡುಗಿ ಫಾರಂನ ಕೆಳಗಿನ ತುಂಡಿಗೆ ದಿನಾಂಕದ ಸೀಲು ಹಾಕಿ ಹರಿದುಕೊಟ್ಟಳು. ಆ ತುಂಡಿನಲ್ಲಿಯೂ ಖಾತೆ ಸಂಖ್ಯೆ ಬರೆದಿತ್ತು.

ಸ್ವಲ್ಪ ಹೊತ್ತಿನಲ್ಲಿ ಮೊಬೈಲಿಗೆ ಎರಡು ಸಂದೇಶಗಳು ಬಂದವು. ಮೊದಲನೆಯದು ನನ್ನ ಖಾತೆಯಿಂದ ಹಣ ಕಡಿತವಾದದ್ದು. ಎರಡನೆಯದು ಫಲಾನುಭವಿಯ ಖಾತೆಗೆ ಜಮೆಯಾದದ್ದು. ನೆಫ್ಟ್‌ನಲ್ಲಿ ಹಣ ಮುಟ್ಟಿದೆ ಎಂಬ ಖಾತರಿಯನ್ನು ಕಳಿಸಿದವರಿಗೆ ತಿಳಿಸುವ ವ್ಯವಸ್ಥೆ 2010ರಿಂದಲೇ ಇದೆ. ಹಾಗಾಗಿ ನಾನು ನಿಶ್ಚಿಂತೆಯಿಂದಿದ್ದೆ. ಮಾರನೆಯ ದಿನ ಸಂಜೆ ವ್ಯಾಪಾರಿಗೆ ಫೋನ್ ಮಾಡಿ ಲೋಡು ಯಾವಾಗ ಹೊರಡುತ್ತದೆ ಎಂದು ಕೇಳಿದಾಗ ಅವರು, ‘ಅಕ್ಕಾ, ನಿಮ್ಮ ದುಡ್ಡು ಇನ್ನೂ ಬಂದಿಲ್ಲವಲ್ಲ’ ಎಂದರು.

ಶಾಖೆಗೆ ಹೋದರೆ ಮ್ಯಾನೇಜರು ಪರದೆ ನೋಡಿ, ‘ಮೇಡಂ, ಸಿಸ್ಟಂನಲ್ಲಿ ಸಕ್ಸಸ್ ಅಂತಲೇ ಇದೆ. ನಿಮ್ಮ ಪಾರ್ಟಿಗೆ ಸರಿಯಾಗಿ ನೋಡಿಕೊಳ್ಳೋಕೆ ಹೇಳಿ’ ಎಂದರು. ನಾನು ಯುಟಿಆರ್ ಸಂಖ್ಯೆ ಬರೆದುಕೊಡಲು ಕೇಳಿದೆ. ಪ್ರತಿ ನೆಫ್ಟ್ ವ್ಯವಹಾರಕ್ಕೂ ಹದಿನಾರು ಅಕ್ಷರ–ಅಂಕಿಗಳ ಈ ಗುರುತು ಸಂಖ್ಯೆ ಇರುತ್ತದೆ. ಹಣ ಎಲ್ಲಿ ಹೋಯಿತೆಂದು ಎರಡೂ ಬ್ಯಾಂಕುಗಳು ಹುಡುಕುವುದು ಇದರಿಂದಲೇ. ಜೊತೆಗೆ, ಹಣ ಯಾವ ಖಾತೆ ಸಂಖ್ಯೆಗೆ ಹೋಗಿದೆ ಎಂಬುದನ್ನು ತೋರಿಸುವ ಪುಟದ ಪ್ರತಿಯನ್ನು ಕೇಳಿದೆ. ಮೊದಲು ಹಿಂದೇಟು ಹಾಕಿದರೂ, ನನ್ನದೇ ಖಾತೆಯ ವ್ಯವಹಾರವಾದ್ದರಿಂದ ಕೊನೆಗೆ ಮುದ್ರಿಸಿ ಕೊಟ್ಟರು. ನನ್ನ ಸೀಲು ಬಿದ್ದ ತುಂಡನ್ನು ಅದರ ಮಗ್ಗುಲಿಗಿಟ್ಟೆ. ಫಾರಂನಲ್ಲಿ ಕೊನೆಯ ಎರಡು ಅಂಕಿ 47. ಅವರ ಪುಟದಲ್ಲಿ 74. ಉಳಿದ ಎಲ್ಲ ಅಂಕಿಗಳೂ, ಐಎಫ್‌ಎಸ್‌ಸಿಯೂ, ವ್ಯಾಪಾರಿಯ ಹೆಸರೂ ಸರಿಯಾಗಿದ್ದವು. ಅಂದರೆ ಹಣ ವ್ಯಾಪಾರಿಯ ಬ್ಯಾಂಕಿನಲ್ಲೇ ಬೇರೊಬ್ಬ ಗ್ರಾಹಕರಿಗೆ ಹೋಗಿತ್ತು.

ಹೆಸರು ಬೇರೆಯಾದರೂ ಹಣ ಹೇಗೆ ಜಮೆಯಾಯಿತು ಎಂದು ಅಂದು ನನಗೆ ಬಹಳ ಆಶ್ಚರ್ಯವಾಗಿತ್ತು. ಅದಕ್ಕೆ ಕಾರಣ ರಿಸರ್ವ್ ಬ್ಯಾಂಕಿನ 2010ರ ಅಕ್ಟೋಬರ್ 14ರ ಒಂದು ಸುತ್ತೋಲೆ. ನೆಫ್ಟ್, ಆರ್‌ಟಿಜಿಎಸ್ ಮೊದಲಾದ ವರ್ಗಾವಣೆಗಳಲ್ಲಿ ಹೆಸರನ್ನು ಕಡ್ಡಾಯವಾಗಿ ನಮೂದಿಸಬೇಕಾದರೂ, ಜಮೆ ಮಾಡುವಾಗ ಹಣ ಪಡೆಯುವ ಬ್ಯಾಂಕು ಖಾತೆ ಸಂಖ್ಯೆಯೊಂದನ್ನೇ ಆಧರಿಸಬಹುದು ಎಂದು ಅದು ಹೇಳುತ್ತದೆ. ಒಬ್ಬರದೇ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ನಮ್ಮ ದೇಶದಲ್ಲಿ ಯಂತ್ರದಿಂದ ಹೆಸರು ತಾಳೆ ನೋಡಿಸುವುದು ಕಷ್ಟವೆಂಬುದು ನಿಜ. ಸರಿಯಾದ ಖಾತೆ ಸಂಖ್ಯೆ ಕೊಡುವ ಹೊಣೆ ಹಣ ಕಳಿಸುವವರದು ಎಂದೂ ಅದೇ ಸುತ್ತೋಲೆಯಲ್ಲಿದೆ. ಮ್ಯಾನೇಜರು ನನ್ನ ಮುಂದಿಟ್ಟದ್ದು ಈ ಮಾತನ್ನೇ. ‘ಹೊಣೆ ಕಳಿಸುವವರದು ಅಂತ ಆರ್‌ಬಿಐಯೇ ಹೇಳಿದೆ ಮೇಡಂ. ನಾವು ಆ ಬ್ಯಾಂಕಿಗೆ ಮೇಲ್ ಹಾಕುತ್ತೇವೆ. ಆ ಪಾರ್ಟಿ ಒಪ್ಪಿದರೆ ವಾಪಸ್ ಬರುತ್ತದೆ. ಒಪ್ಪದಿದ್ದರೆ ನಾವೇನು ಮಾಡೋಕಾಗುತ್ತೆ ಹೇಳಿ? ನೀವು ಪೊಲೀಸ್ ಕಂಪ್ಲೇಂಟ್ ಕೊಡಿ.’

ಅವರು ಮೇಲ್ ಹಾಕಿದ್ದು ನಿಜ. ಆ ಬ್ಯಾಂಕಿನಿಂದ ಬಂದ ಉತ್ತರವನ್ನು ನನಗೆ ಓದಿ ಹೇಳಿದರು: ಖಾತೆದಾರರನ್ನು ಸಂಪರ್ಕಿಸಲು ಪ್ರಯತ್ನಿಸಲಾಗಿದೆ, ಹಣದ ಹೆಚ್ಚಿನ ಭಾಗವನ್ನು ಈಗಾಗಲೇ ತೆಗೆಯಲಾಗಿದೆ, ಖಾತೆದಾರರ ಒಪ್ಪಿಗೆಯಿಲ್ಲದೆ ಹಿಂದಿರುಗಿಸಲಾಗದು. ಆ ಖಾತೆದಾರರು ಯಾರೆಂದು ಕೇಳಿದರೆ ಹೇಳಲಿಲ್ಲ. ಈ ವಿಷಯದಲ್ಲಿ ಮಾತ್ರ ಬ್ಯಾಂಕಿನವರ ನಡೆ ಸರಿಯಾಗಿತ್ತು. ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಕಾನೂನುಬದ್ಧ ಕರ್ತವ್ಯ; 1924ರ ಇಂಗ್ಲೆಂಡಿನ ಟೂರ್ನಿಯೆ ಪ್ರಕರಣದಿಂದ ನಮ್ಮಲ್ಲಿಯೂ ಅದನ್ನು ಒಪ್ಪಿಕೊಂಡು ಬರಲಾಗಿದೆ. ನನ್ನ ಖಾತೆಯ ವಿವರವನ್ನು ಯಾರೋ ಕೇಳಿದರೆ ಕೊಡಬಾರದೆಂದು ಬಯಸುವ ನಾನು, ಅವರ ವಿವರವನ್ನು ಕೊಡಲೇಬೇಕೆಂದು ಜಗಳವಾಡುವುದು ನ್ಯಾಯವಲ್ಲ.

ಚಿಕ್ಕಬಳ್ಳಾಪುರದಲ್ಲಿ ವಕೀಲರಾಗಿರುವ ನನ್ನ ಸೋದರಮಾವನಿಗೆ ಕಾಗದಗಳನ್ನೆಲ್ಲ ತೋರಿಸಿದೆ. ಅವರು ಎರಡೂ ಪುಟಗಳನ್ನು ನೋಡಿ ಮೊದಲು ಹೇಳಿದ ಮಾತು: ‘ಆ ಪಾರ್ಟಿ ಯಾರು, ಒಪ್ಪಿದರಾ, ಒಪ್ಪಲಿಲ್ಲವಾ ಅಂತ ನೀನು ಕೇಳಲೇಬೇಡ ಮಗಳೇ. ಅದು ಬ್ಯಾಂಕಿನ ತಲೆನೋವು. ನಿನ್ನ ವ್ಯವಹಾರ ಬ್ಯಾಂಕಿನ ಜೊತೆ.’ ಮುಂದೆ ನಾನು ಬರೆದ ಪ್ರತಿಯೊಂದು ಪತ್ರವೂ ಈ ಮಾತಿನ ಮೇಲೆಯೇ ನಿಂತಿತು.

ಅವರು ವಿವರಿಸಿದ್ದು ಹೀಗೆ. ಖಾತೆಯಲ್ಲಿ ನಾವಿಟ್ಟ ಹಣ ಕಾನೂನಿನ ದೃಷ್ಟಿಯಲ್ಲಿ ನಾವು ಬ್ಯಾಂಕಿಗೆ ಕೊಟ್ಟ ಸಾಲ. 1848ರ ಫೋಲಿ ವಿರುದ್ಧ ಹಿಲ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ ಈ ತತ್ವವೇ ಇಲ್ಲಿಯೂ ನಡೆದುಬಂದಿದೆ. ಸಾಲ ಪಡೆದದ್ದು ಬ್ಯಾಂಕು, ಸಾಲ ಕೊಟ್ಟವರು ನಾವು. ನಾವು ಬರೆದುಕೊಟ್ಟ ಆದೇಶದಂತೆ ಹಣ ಕೊಟ್ಟಾಗ ಮಾತ್ರ ಆ ಸಾಲ ಅಷ್ಟರಮಟ್ಟಿಗೆ ತೀರುತ್ತದೆ. ಆದೇಶವಿಲ್ಲದೆ ಬ್ಯಾಂಕು ಯಾರಿಗಾದರೂ ಹಣ ಕೊಟ್ಟರೆ ಅದು ಕೊಟ್ಟದ್ದು ತನ್ನ ಹಣವನ್ನು. ಅದನ್ನು ನಮ್ಮ ಲೆಕ್ಕದಲ್ಲಿ ಕಳೆಯುವ ಅಧಿಕಾರ ಅದಕ್ಕಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದವನೇ ಚೆಕ್ಕುಗಳ ಮೇಲೆ ಖೋಟಾ ಸಹಿ ಹಾಕಿ ಹಣ ತೆಗೆದಿದ್ದ. ಖೋಟಾ ಸಹಿಯ ಚೆಕ್ಕು ಗ್ರಾಹಕರ ಆದೇಶವೇ ಅಲ್ಲ, ಆದ್ದರಿಂದ ಬ್ಯಾಂಕು ಹಣ ಕಟ್ಟಿಕೊಡಬೇಕು, ಗ್ರಾಹಕರು ಲೆಕ್ಕದ ಪಟ್ಟಿಗಳನ್ನು ಸಕಾಲದಲ್ಲಿ ಪರಿಶೀಲಿಸಲಿಲ್ಲ ಎಂಬುದಷ್ಟರಿಂದಲೇ ಬ್ಯಾಂಕು ಹೊಣೆಯಿಂದ ಜಾರಿಕೊಳ್ಳಲಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ನನ್ನ ಪ್ರಕರಣದಲ್ಲಿ ಸಹಿ ನನ್ನದೇ, ನಿಜ. ಆದರೆ ಆ ಸಹಿ ಅಪ್ಪಣೆ ಕೊಟ್ಟದ್ದು 47ಕ್ಕೆ. 74ಕ್ಕೆ ನಾನು ಎಂದೂ ಅಪ್ಪಣೆ ಕೊಟ್ಟಿರಲಿಲ್ಲ.

ಹಣ ವರ್ಗಾಯಿಸುವ ಕೆಲಸದಲ್ಲಿ ಬ್ಯಾಂಕು ನಮ್ಮ ಏಜೆಂಟೂ ಆಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 211ನೇ ಕಲಮು, ಏಜೆಂಟನು ಯಜಮಾನನ ಸೂಚನೆಯಂತೆಯೇ ಕೆಲಸ ನಡೆಸಬೇಕು, ಬೇರೆ ರೀತಿ ನಡೆಸಿ ನಷ್ಟವಾದರೆ ಅದನ್ನು ತಾನೇ ತುಂಬಿಕೊಡಬೇಕು ಎನ್ನುತ್ತದೆ. 212ನೇ ಕಲಮು ಆ ಕೆಲಸಕ್ಕೆ ಬೇಕಾದ ಕೌಶಲ ಮತ್ತು ಎಚ್ಚರಿಕೆಯನ್ನು ಕೇಳುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಗೆಂದು ಗೂಡಿನ ಮೂಟೆ ಹೇರಿಕೊಂಡ ಟೆಂಪೋದವರು ಅದನ್ನು ಬೇರೆ ಯಾರದೋ ಮನೆ ಮುಂದೆ ಇಳಿಸಿ ಬಂದರೆ, ‘ಅವರು ಒಪ್ಪಿದರೆ ನಿಮಗೆ ಸಿಗುತ್ತೆ’ ಎಂದು ಹೇಳಿ ಕೈತೊಳೆದುಕೊಳ್ಳಲು ಯಾವ ರೈತನೂ ಬಿಡುವುದಿಲ್ಲ. ಬ್ಯಾಂಕಿನ ವಿಷಯ ಬಂದಾಗ ಮಾತ್ರ ನಾವು ಅಂಥ ಉತ್ತರಕ್ಕೆ ತಲೆಯಾಡಿಸಿ ಹೊರಗೆ ಬರುತ್ತೇವೆ.

ಇಷ್ಟು ತಿಳಿದ ಮೇಲೆ ನಾನು 2010ರ ಆ ಸುತ್ತೋಲೆಯನ್ನು ತರಿಸಿ ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಇಡೀ ಹೋರಾಟದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಆ ಓದು. ಮ್ಯಾನೇಜರು ಹೇಳಿದ ವಾಕ್ಯ ಅದರಲ್ಲಿತ್ತು. ಆದರೆ ಅದರ ಮುಂದೆ, ಹಣ ಕಳಿಸುವ ಬ್ಯಾಂಕು ಏನು ಮಾಡಬೇಕೆಂಬುದೂ ಇತ್ತು. ಶಾಖೆಯಲ್ಲಿ ಫಾರಂ ಕೊಡುವ ಗ್ರಾಹಕರಿಂದ ಖಾತೆ ಸಂಖ್ಯೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆಸಿಕೊಳ್ಳುವುದು. ಶಾಖೆಯಲ್ಲಿ ಸಂಖ್ಯೆ ಒತ್ತುವಾಗ ತಪ್ಪಾಗದಂತೆ, ಒಬ್ಬರು ತುಂಬಿಸಿದ್ದನ್ನು ಮತ್ತೊಬ್ಬರು ಪರಿಶೀಲಿಸುವ ವ್ಯವಸ್ಥೆ ಇಟ್ಟುಕೊಳ್ಳುವುದು. ಬ್ಯಾಂಕಿನವರು ಇದನ್ನು ಮೇಕರ್–ಚೆಕರ್ ಎನ್ನುತ್ತಾರೆ. ನನಗೆ ಕೊಟ್ಟ ಮುದ್ರಿತ ಪುಟದಲ್ಲಿಯೇ ತುಂಬಿಸಿದವರ ಮತ್ತು ಮಂಜೂರು ಮಾಡಿದವರ ಸಿಬ್ಬಂದಿ ಸಂಖ್ಯೆಗಳು ಬೇರೆ ಬೇರೆಯಾಗಿ ಇದ್ದವು. ಎಂದರೆ ಎರಡನೆಯ ಕಣ್ಣು ಇತ್ತು. ಆ ಕಣ್ಣು ಪರದೆಯನ್ನು ನೋಡಿತ್ತು, ಫಾರಂ ನೋಡಿರಲಿಲ್ಲ. ನನ್ನ ವಿರುದ್ಧ ಬಳಸಿದ ಸುತ್ತೋಲೆಯೇ ನನ್ನ ಪರವಾದ ಅತ್ಯುತ್ತಮ ಸಾಕ್ಷಿಯಾಯಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದನ್ನು ಕಲಸಿಬಿಟ್ಟರೆ ಓದುವವರಿಗೆ ತಪ್ಪು ಭರವಸೆ ಕೊಟ್ಟಂತಾಗುತ್ತದೆ. ಖಾತೆ ಸಂಖ್ಯೆಯನ್ನು ನಾವೇ ತಪ್ಪು ಬರೆದಿದ್ದರೆ, ಅಥವಾ ಮೊಬೈಲಿನಲ್ಲಿ ನಾವೇ ತಪ್ಪು ಒತ್ತಿದ್ದರೆ, ಬ್ಯಾಂಕು ನಮ್ಮ ಆದೇಶವನ್ನು ಪಾಲಿಸಿದಂತೆಯೇ ಲೆಕ್ಕ. ಆಗ ನಮ್ಮ ಹಕ್ಕು ಮುಖ್ಯವಾಗಿ ಹಣ ಪಡೆದವರ ಮೇಲೆ ನಿಲ್ಲುತ್ತದೆ: ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ ತಪ್ಪಿನಿಂದ ಬಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕು. ಬ್ಯಾಂಕಿನಿಂದ ಆಗ ಕೇಳಬಹುದಾದದ್ದು ತಡಮಾಡದೆ ಎದುರಿನ ಬ್ಯಾಂಕಿಗೆ ತಿಳಿಸುವುದು, ಬೆನ್ನುಹತ್ತುವುದು. ಇನ್ನು ನಮಗೆ ಗೊತ್ತಿಲ್ಲದಂತೆ ವಂಚಕರು ಹಣ ಎಳೆದುಕೊಂಡರೆ ಅದಕ್ಕೆ 2017ರ ಜುಲೈ 6ರ ಪ್ರತ್ಯೇಕ ಸುತ್ತೋಲೆಯಿದೆ. ತಪ್ಪು ಬ್ಯಾಂಕಿನದೂ ನಮ್ಮದೂ ಆಗಿರದೆ ಬೇರೆಲ್ಲೋ ಆಗಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ನಾವು ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ಅಂಥ ಸಂದರ್ಭದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದನ್ನೂ ತಡಮಾಡಬಾರದು. ನನ್ನದು ಈ ಎರಡೂ ಬಗೆಗೆ ಸೇರಿದ್ದಲ್ಲ. ಆದೇಶ ಸರಿಯಿತ್ತು, ಪಾಲನೆ ತಪ್ಪಿತ್ತು.

ದೂರನ್ನು ಬರೆದೇ ಕೊಡಬೇಕೆಂದು ಮಾವ ಹೇಳಿದ್ದರು. ಬಾಯಿಮಾತಿನ ದೂರಿಗೆ ದಿನಾಂಕವಿರುವುದಿಲ್ಲ, ದಿನಾಂಕವಿಲ್ಲದೆ ಮುಂದಿನ ಯಾವ ಗಡುವೂ ಆರಂಭವಾಗುವುದಿಲ್ಲ. ಪತ್ರವನ್ನು ಕನ್ನಡದಲ್ಲಿ ಬರೆದೆ. ಅದರಲ್ಲಿ ದುಃಖ ತೋಡಿಕೊಳ್ಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಕೌಂಟರಿನ ಹುಡುಗಿಯ ಮೇಲೆ ಕ್ರಮ ಕೈಗೊಳ್ಳಿ ಎಂದಂತೂ ಕೇಳಲೇ ಇಲ್ಲ. ದಿನಕ್ಕೆ ಎಷ್ಟು ಫಾರಂಗಳನ್ನು ಆ ಹುಡುಗಿಯ ಮುಂದೆ ರಾಶಿ ಹಾಕುತ್ತಾರೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂಥ ದಿನ ಇಂಥ ಖಾತೆಗೆ ಇಷ್ಟು ಹಣ ಕಳಿಸಲು ಆದೇಶ ಕೊಟ್ಟಿದ್ದೆ. ಸೀಲು ಬಿದ್ದ ಪ್ರತಿ ಲಗತ್ತಿಸಿದೆ. ನೀವು ಹಣವನ್ನು ಬೇರೆ ಖಾತೆಗೆ ಕಳಿಸಿದ್ದೀರಿ. ನಿಮ್ಮದೇ ಪುಟ ಲಗತ್ತಿಸಿದೆ. ಆದ್ದರಿಂದ ನನ್ನ ಖಾತೆಯಿಂದ ಕಳೆದ 1,84,500 ರೂಪಾಯಿಯನ್ನು ಕಡಿತವಾದ ದಿನಾಂಕದಿಂದಲೇ ಅನ್ವಯವಾಗುವಂತೆ ಮತ್ತೆ ಜಮೆ ಮಾಡಿ. ತಪ್ಪು ಖಾತೆಯವರಿಂದ ಹಣ ವಸೂಲು ಮಾಡಿಕೊಳ್ಳುವುದು ನಿಮಗೆ ಬಿಟ್ಟದ್ದು. ಇಷ್ಟೇ. ಮೂಲ ಫಾರಂ ಮತ್ತು ಚೆಕ್ಕನ್ನು ದೂರು ಇತ್ಯರ್ಥವಾಗುವವರೆಗೆ ಜೋಪಾನವಾಗಿ ಇಡಬೇಕೆಂದು ಕೊನೆಯಲ್ಲಿ ಸೇರಿಸಿದೆ. ಇನ್ನೊಂದು ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೆ.

ಪತ್ರದಲ್ಲಿ ರಿಸರ್ವ್ ಬ್ಯಾಂಕಿನ ಇನ್ನೊಂದು ಮಾತನ್ನೂ ಎತ್ತಿ ತೋರಿಸಿದ್ದೆ. ಗ್ರಾಹಕ ಸೇವೆಯ ಕುರಿತ 2015ರ ಜುಲೈ 1ರ ಮಾಸ್ಟರ್ ಸುತ್ತೋಲೆಯಲ್ಲಿ, ತಪ್ಪಾಗಿ ಖಾತೆಯಿಂದ ಹಣ ಕಡಿತವಾದ ಸಂದರ್ಭಗಳ ಬಗ್ಗೆ ಒಂದು ಭಾಗವಿದೆ. ತಪ್ಪು ಬ್ಯಾಂಕಿನದೇ ಆಗಿದ್ದರೆ ಬ್ಯಾಂಕು ಚಕಾರವೆತ್ತದೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂಬುದು ಅದರ ತಾತ್ಪರ್ಯ. ಹೀಗಿರುವಾಗ ಸೀಲು ಬಿದ್ದ ತುಂಡನ್ನು ನೋಡಿದ ದಿನವೇ ಈ ವಿಷಯ ಮುಗಿಯಬೇಕಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಮುಗಿಯಲಿಲ್ಲ. ಶೀಟಿನವರನ್ನು ಕಾಯಿಸುವಂತಿರಲಿಲ್ಲ, ಅವರಿಗೆ ಹಣ ಮುಟ್ಟಿಲ್ಲವೆಂದ ಮೇಲೆ ಲೋಡು ಕಳಿಸಬೇಕಾದ ಕರ್ತವ್ಯವೂ ಅವರಿಗಿರಲಿಲ್ಲ. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳು, ತರುವ ದಿನ ಹತ್ತಿರವಾಗುತ್ತಿತ್ತು, ಚಾವಣಿ ತೆಗೆದ ಹುಳು ಮನೆಯಲ್ಲಿ ಹುಳು ಸಾಕಲಾಗದು. ಒಡವೆ ಅಡವಿಟ್ಟು ಬೇರೊಂದು ಕಡೆ ಸಾಲ ತಂದು ವ್ಯಾಪಾರಿಗೆ ಕಟ್ಟಿದೆವು. ಆ ಸಾಲದ ರಸೀದಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಟ್ಟೆ. ಏಜೆಂಟನ ತಪ್ಪಿನಿಂದ ಆದ ನಷ್ಟ ಎಂದು ಕೇಳಬೇಕಾದರೆ ನಷ್ಟಕ್ಕೆ ಕಾಗದ ಬೇಕು.

ಬ್ಯಾಂಕಿನ ವಲಯ ಕಚೇರಿಯಿಂದ ಬಂದ ಉತ್ತರ ಇಂಗ್ಲಿಷಿನಲ್ಲಿತ್ತು. 2010ರ ಸುತ್ತೋಲೆಯ ಮೊದಲ ಭಾಗವನ್ನೇ ಮತ್ತೆ ಉಲ್ಲೇಖಿಸಿ, ಎದುರಿನ ಬ್ಯಾಂಕಿನೊಂದಿಗೆ ವ್ಯವಹರಿಸಲಾಗುತ್ತಿದೆ, ಫಲಾನುಭವಿಯ ಒಪ್ಪಿಗೆಯ ನಂತರ ಕ್ರಮ ಕೈಗೊಳ್ಳಲಾಗುವುದು ಎಂದು ಬರೆದಿದ್ದರು. ನನ್ನ ಫಾರಂನ ವಿಷಯವೇ ಅದರಲ್ಲಿ ಇರಲಿಲ್ಲ. ಹತ್ತಕ್ಕಿಂತ ಹೆಚ್ಚು ಶಾಖೆಗಳಿರುವ ವಾಣಿಜ್ಯ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಎಂಬ ಅಧಿಕಾರಿ ಇರಬೇಕು. ದೂರನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ತಿರಸ್ಕರಿಸುವ ಮುನ್ನ ಬ್ಯಾಂಕು ತಾನಾಗಿಯೇ ಅದನ್ನು ಅವರ ಮುಂದಿಡಬೇಕು. ನನ್ನ ದೂರನ್ನು ಅವರು ನೋಡಿದ್ದಾರೆಯೇ ಎಂದು ಮರುಪತ್ರ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಮುಂದಿನದು, ಬ್ಯಾಂಕುಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರ್ 12ರಂದು ಜಾರಿಗೆ ಬಂದು ಆಗ ನಡೆಯುತ್ತಿದ್ದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ, ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟಿರಬೇಕು. ಬ್ಯಾಂಕು ತಿರಸ್ಕರಿಸಿದರೆ, ಉತ್ತರ ಸಮಾಧಾನ ತರದಿದ್ದರೆ, ಅಥವಾ ಮೂವತ್ತು ದಿನಗಳಲ್ಲಿ ಉತ್ತರವೇ ಬಾರದಿದ್ದರೆ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ. ವಕೀಲರ ಮೂಲಕ ದೂರು ಸಲ್ಲಿಸುವಂತಿಲ್ಲ, ನಾವೇ ಅಥವಾ ನಾವು ಅಧಿಕಾರ ಕೊಟ್ಟ, ವಕೀಲರಲ್ಲದ ಪ್ರತಿನಿಧಿ ಸಲ್ಲಿಸಬೇಕು. ಜಾಲತಾಣದಲ್ಲಿ ಸಲ್ಲಿಸಬಹುದು, ಚಂಡೀಗಢದಲ್ಲಿರುವ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿಯೂ ಕಳಿಸಬಹುದು, ಅದೂ ಯಾವ ಭಾಷೆಯಲ್ಲಾದರೂ. ಈ ಕೊನೆಯ ಸಂಗತಿ ನಮ್ಮ ಕಡೆಯ ಬಹಳ ಜನರಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಕರೆ ಮಾಡಿದಾಗ ಕನ್ನಡದಲ್ಲಿಯೇ ಮಾತನಾಡಿ, ಯಾವ ಕಾಗದಗಳನ್ನು ಜೊತೆಗಿಡಬೇಕೆಂದು ತಾಳ್ಮೆಯಿಂದ ಹೇಳಿದರು. ಅವರು ಹೇಳಿದಂತೆ ಕನ್ನಡದ ದೂರನ್ನು, ಸೀಲು ಬಿದ್ದ ತುಂಡಿನ ಪ್ರತಿ, ಬ್ಯಾಂಕಿನ ಪುಟ, ನನ್ನ ಪತ್ರ, ಬ್ಯಾಂಕಿನ ಉತ್ತರ, ಅಡವಿನ ರಸೀದಿ ಎಲ್ಲವನ್ನೂ ಸೇರಿಸಿ ಶಿಡ್ಲಘಟ್ಟದ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿ ಕಳಿಸಿದೆ. ದೂರಿನ ಸಂಖ್ಯೆ ಮೊಬೈಲಿಗೆ ಬಂತು.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಬ್ಯಾಂಕಿನ ಸೇವೆಯೂ ಸೇವೆಯೇ. ಆದರೆ ಒಂದೇ ವಿಷಯ ನ್ಯಾಯಾಲಯ ಅಥವಾ ಆಯೋಗದ ಮುಂದಿದ್ದರೆ ಒಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ, ಮೊದಲು ಖರ್ಚಿಲ್ಲದ ದಾರಿಯನ್ನೇ ಹಿಡಿದು, ಅದು ಮುಚ್ಚಿದರೆ ಆಯೋಗಕ್ಕೆ ಹೋಗೋಣವೆಂದು ನಿಶ್ಚಯಿಸಿದ್ದೆ.

ಯೋಜನೆಯ ಪ್ರಕಾರ ದೂರಿನ ಪ್ರತಿ ತಲುಪಿದ ಮೇಲೆ ಬ್ಯಾಂಕು ಹದಿನೈದು ದಿನಗಳಲ್ಲಿ ಕಾಗದಪತ್ರಗಳ ಸಮೇತ ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕಿತ್ತು. ಅಂದರೆ ಮೂಲ ಫಾರಂ ಈಗ ಹೊರಗೆ ಬರಲೇಬೇಕಾಯಿತು. ಅದು ಹೊರಗೆ ಬಂದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ವಲಯ ಕಚೇರಿಯ ಅಧಿಕಾರಿಯೊಬ್ಬರು ತಾವಾಗಿಯೇ ಫೋನ್ ಮಾಡಿ, ಅತ್ಯಂತ ಗೌರವದಿಂದ, ‘ಅಮ್ಮಾ, ಫಾರಂ ನೋಡಿದೆವು, ಎರಡು ಸಾಲಿನಲ್ಲೂ ನೀವು ಸರಿಯಾಗಿಯೇ ಬರೆದಿದ್ದೀರಿ. ರಾಜಿಯಲ್ಲಿ ಮುಗಿಸಿಕೊಳ್ಳೋಣ’ ಎಂದರು. ಒಂಬುಡ್ಸ್‌ಮನ್ ತೀರ್ಪು ಕೊಡುವ ಮುನ್ನ ಇಬ್ಬರ ನಡುವೆ ಒಪ್ಪಂದವಾಗಲು ಯೋಜನೆಯಲ್ಲಿಯೇ ಅವಕಾಶವಿದೆ.

ಅಸಲಿನ ಬಗ್ಗೆ ತಕರಾರಿರಲಿಲ್ಲ. ಕಡಿತವಾದ ದಿನಾಂಕದಿಂದಲೇ ಜಮೆ ಮಾಡಲು ಒಪ್ಪಿದರು. ಬಡ್ಡಿಯಲ್ಲಿ ಮಾತು ನಿಂತಿತು. ನೆಫ್ಟ್ ನಿಯಮದಲ್ಲಿ, ಬ್ಯಾಚಿನ (ಒಟ್ಟಾಗಿ ಕಳಿಸುವ ವರ್ಗಾವಣೆಗಳ ಕಂತಿನ) ಇತ್ಯರ್ಥವಾದ ಎರಡು ಗಂಟೆಗಳೊಳಗೆ ಹಣ ಜಮೆಯಾಗದಿದ್ದರೆ ಅಥವಾ ಹಿಂದಿರುಗದಿದ್ದರೆ, ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯಾದ ರೆಪೊ ದರದ ಮೇಲೆ ಶೇಕಡಾ 2 ಸೇರಿಸಿ ದಂಡದ ಬಡ್ಡಿ ಕೊಡಬೇಕೆಂದಿದೆ. ಆಗ ರೆಪೊ ದರ ಶೇಕಡಾ 6.5 ಇದ್ದುದರಿಂದ ನಾನು 8.5ರಂತೆ ಕೇಳಿದ್ದೆ. ಅದು ತಡವಾದ ಜಮೆಗೆ ಹೇಳಿದ ನಿಯಮ, ಇಲ್ಲಿ ಜಮೆ ಸಕಾಲದಲ್ಲಿಯೇ ಆಗಿದೆ, ತಪ್ಪು ಖಾತೆಗೆ ಆಗಿದೆ ಅಷ್ಟೇ ಎಂಬುದು ಅವರ ವಾದ. ನಿಯಮದ ಅಕ್ಷರಗಳನ್ನು ನೋಡಿದರೆ ಆ ವಾದದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿತು. ಆದ್ದರಿಂದ ಆ ಬೇಡಿಕೆಯನ್ನು ಬಿಟ್ಟು, 211ನೇ ಕಲಮಿನ ಪ್ರಕಾರ ನನಗೆ ನಿಜವಾಗಿ ಆದ ನಷ್ಟವನ್ನು, ಅಂದರೆ ಒಡವೆ ಸಾಲಕ್ಕೆ ನಾನು ಕಟ್ಟಿದ ಬಡ್ಡಿಯನ್ನು ಕೇಳಿದೆ. ಕವರಿನಲ್ಲಿಟ್ಟಿದ್ದ ರಸೀದಿಗಳು ಅಲ್ಲಿ ಕೆಲಸಕ್ಕೆ ಬಂದವು. ಅದನ್ನು ಪೂರ್ತಿಯಾಗಿ ಕೊಡಲು ಒಪ್ಪಿದರು. ಓಡಾಟ, ಮನಃಕ್ಲೇಶಕ್ಕೆ ಒಂದು ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಆ ಯೋಜನೆಯಲ್ಲಿ ಒಂಬುಡ್ಸ್‌ಮನ್‌ಗೆ ಇತ್ತು. ಅದನ್ನು ನಾನು ಒತ್ತಾಯಿಸಲಿಲ್ಲ. ಒತ್ತಾಯಿಸುವವರನ್ನು ತಪ್ಪೆನ್ನಲೂ ಆರೆ.

ಅನಂತರ ಖಾತೆಯ ಪದ್ಧತಿಯಲ್ಲಿ ಒಂದು ದೊಡ್ಡ ಸುಧಾರಣೆಯಾಗಿದೆ. 2024ರ ಡಿಸೆಂಬರ್ 30ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ನೆಫ್ಟ್ ಮತ್ತು ಆರ್‌ಟಿಜಿಎಸ್ ಮಾಡುವಾಗ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಒತ್ತಿದೊಡನೆ ಆ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಶಾಖೆಗೆ ಬಂದು ಹಣ ಕಳಿಸುವವರಿಗೂ ಇದು ಅನ್ವಯಿಸುತ್ತದೆ. ಹಾಗಾಗಿ ಈಗ ಕೌಂಟರಿನಲ್ಲಿ ಫಾರಂ ಕೊಡುವಾಗ, ‘ಯಾರ ಹೆಸರು ತೋರಿಸುತ್ತಿದೆ ಸ್ವಲ್ಪ ಹೇಳಿ’ ಎಂದು ಕೇಳುವುದು ನಮ್ಮ ಹಕ್ಕು. ನಾನು ಪ್ರತಿ ಸಲವೂ ಕೇಳುತ್ತೇನೆ, ಹೆಸರು ಹೇಳಿದ ಮೇಲೆಯೇ ಕೌಂಟರಿನಿಂದ ಸರಿಯುತ್ತೇನೆ.

ಒಪ್ಪಂದದ ದಿನ ಶಾಖೆಯಲ್ಲಿ ಸಹಿಗೆಂದು ನನ್ನ ಮುಂದಿಟ್ಟ ಪತ್ರದಲ್ಲಿ ಎರಡು ವಾಕ್ಯಗಳಿಗೆ ನಾನು ಒಪ್ಪಲಿಲ್ಲ. ‘ಗ್ರಾಹಕರ ಕೋರಿಕೆಯ ಮೇರೆಗೆ ಸೌಹಾರ್ದದ ನೆಲೆಯಲ್ಲಿ’ ಹಣ ಕೊಡಲಾಗುತ್ತಿದೆ ಎಂಬುದು ಒಂದು. ಮುಂದೆ ಆ ಇನ್ನೊಬ್ಬ ಖಾತೆದಾರರಿಂದ ಯಾವುದೇ ತಕರಾರು ಬಂದರೆ ಅದರ ನಷ್ಟವನ್ನು ನಾನು ಭರಿಸುತ್ತೇನೆ ಎಂಬ ಇಂಡೆಮ್ನಿಟಿ ಇನ್ನೊಂದು. ಆ ಖಾತೆದಾರರಿಗೂ ನನಗೂ ಯಾವ ವ್ಯವಹಾರವೂ ಇಲ್ಲ, ಅವರಿಗೆ ಹಣ ಕಳಿಸಿದವರು ನೀವು, ವಸೂಲು ಮಾಡಿಕೊಳ್ಳಬೇಕಾದವರೂ ನೀವು, ಅದರ ಭಾರವನ್ನು ನನ್ನ ತಲೆಗೆ ಕಟ್ಟುವುದಾದರೆ ಸಹಿ ಮಾಡಲಾರೆ ಎಂದೆ. ಮ್ಯಾನೇಜರು ವಲಯ ಕಚೇರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತನಾಡಿದರು. ಎರಡೂ ವಾಕ್ಯಗಳನ್ನು ತೆಗೆದು, ‘ಶಾಖೆಯಲ್ಲಿ ಖಾತೆ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದರಿಂದ’ ಎಂಬ ಕಾರಣವನ್ನು ಸೇರಿಸಿ ಹೊಸ ಪತ್ರ ಮುದ್ರಿಸಿದರು. ಅದನ್ನು ಎರಡು ಸಲ ಓದಿ ಸಹಿ ಮಾಡಿದೆ. ಅಂದು ಮಧ್ಯಾಹ್ನವೇ ಅಸಲು ಮತ್ತು ಬಡ್ಡಿ ಬೇರೆ ಬೇರೆ ಸಾಲುಗಳಲ್ಲಿ ನನ್ನ ಖಾತೆಗೆ ಜಮೆಯಾದವು; ಪಾಸ್‌ಬುಕ್ಕಿನಲ್ಲಿ ಮುದ್ರಿಸಿಕೊಂಡು, ಒಡವೆ ಬಿಡಿಸಿಕೊಳ್ಳಲು ಅಲ್ಲಿಂದಲೇ ಹೋದೆ.